ತೊಲೆಯ ಮೇಲಿನ ಪಾರಿವಾಳ

ಮನುಷ್ಯನು ತನಗಾಗಿ ಕಟ್ಟಿಕೊಂಡ ಸೂರಿನ ಕೆಳಗೆ ತಾನೊಬ್ಬನೇ ಬಾಳಿದುದು ಎಂದೂ ಇಲ್ಲ. ಇಲಿ, ಹಲ್ಲಿ, ಗುಬ್ಬಚ್ಚಿ, ಬಾವಲಿ ಮುಂತಾದುವು ಕರೆಯದೆ ಬಂದು ನೆಲಸುವ ನಂಟರು. ಈ ನಂಟರ ಪಂಕ್ತಿಯಲ್ಲಿ ಪಾರಿವಾಳವು ಮೊದಲ ಎಲೆಗೆ ಕುಳಿತಿದೆಯೆಂದರೆ ತಪ್ಪಾಗಲಾರದು. ಧಾನ್ಯದ ಉಗ್ರಾಣವಾಗಲಿ, ದನದ ಕೊಟ್ಟಿಗೆಯಾಗಲಿ, ಕಾರ್ಖಾನೆಯ ಷೆಡ್ಡಾಗಲಿ, ಶಾಲೆಯ ಸೈಕಲ್ ನಿಲ್ದಾಣವಾಗಲಿ, ಎತ್ತರದಲ್ಲಿ ಒಂದು ತೊಲೆ, ಅದರ ಮೇಲೊಂದು ಮಾಡು ಇದ್ದರೆ ಸಾಕು. ಸಂಜೆಯಾಗುತ್ತಲೇ ಅಲ್ಲಿ ಪಾರಿವಾಳದ ಗುಟುರು ಕೇಳತೊಡಗುತ್ತದೆ. ಬೆಳಗಾಗುವ ವೇಳೆಗೆ ಕೆಳಗಿರುವ ಮೂಟೆಗಳ ಮೇಲೂ ಯಂತ್ರಗಳ ಮೇಲೂ ಬಿಳಿಯ ಹಿಕ್ಕೆ ಬಿದ್ದಿರುತ್ತದೆ. ಕೈ ತಟ್ಟಿದರೆ ಹಕ್ಕಿಗಳು ಹಾರಿಹೋಗುತ್ತವೆ. ನಾವು ಬೆನ್ನು ತಿರುಗಿಸಿದೊಡನೆ ಮರಳಿ ಬರುತ್ತವೆ. ಇದೇಕೆ ಹೀಗೆ? ಅವುಗಳನ್ನು ಕೊಲ್ಲದೆ, ನೋಯಿಸದೆ ದೂರವಿಡುವುದು ಸಾಧ್ಯವೇ? ಈ ಎರಡು ಪ್ರಶ್ನೆಗಳಿಗೂ ಉತ್ತರವು ಆ ಹಕ್ಕಿಯ ಸ್ವಭಾವದಲ್ಲಿಯೇ ಅಡಗಿದೆ.

ಬಂಡೆಯ ಹಕ್ಕಿ

ನಮ್ಮ ಊರುಗಳ ಪಾರಿವಾಳವನ್ನು ಪ್ರಾಣಿಶಾಸ್ತ್ರಜ್ಞರು ‘ಕೊಲಂಬಾ ಲಿವಿಯಾ’ ಎಂದು ಕರೆಯುತ್ತಾರೆ. ಇದರ ಪೂರ್ವಜರು ಮರಗಳಲ್ಲಿ ವಾಸಿಸಿದ ಹಕ್ಕಿಗಳಲ್ಲ. ಕಡಿದಾದ ಬಂಡೆಗಳ ಸೀಳುಗಳಲ್ಲಿಯೂ ಅಂಚುಗಳಲ್ಲಿಯೂ ನೆಲಸಿದವು. ಜೋಗದ ಜಲಪಾತದ ಸುತ್ತಣ ಬಂಡೆಗಳಲ್ಲಿ ಇಂತಹ ಪಾರಿವಾಳಗಳನ್ನು ಇಂದಿಗೂ ಕಾಣಬಹುದು. ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನು ಈ ಹಕ್ಕಿಯನ್ನು ಸಾಕತೊಡಗಿದನು. ಸಾಕಿದ ಪಾರಿವಾಳಗಳಲ್ಲಿ ತಳಿಗಳು ಎಷ್ಟೇ ಇದ್ದರೂ ಅವೆಲ್ಲವೂ ಒಂದೇ ಬಂಡೆ ಪಾರಿವಾಳದಿಂದ ಹುಟ್ಟಿದುವೆಂದು ಚಾರ್ಲ್ಸ್ ಡಾರ್ವಿನ್ನನು ೧೮೫೯ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ ವಾದಿಸಿದನು.

ಈ ವಂಶಚರಿತ್ರೆಯನ್ನು ನೆನಪಿನಲ್ಲಿಟ್ಟು ಷೆಡ್ಡಿನ ತೊಲೆಯನ್ನು ನೋಡಿದರೆ ವಿಷಯ ತಾನಾಗಿಯೇ ತಿಳಿಯಾಗುತ್ತದೆ. ಪಾರಿವಾಳದ ದೃಷ್ಟಿಯಲ್ಲಿ ಗೋಡೆಯೆಂಬುದು ಒಂದು ಕಡಿದಾದ ಬಂಡೆ. ತೊಲೆಯು ಆ ಬಂಡೆಯ ಅಂಚು. ಮಾಡು ಅದರ ಮೇಲೆ ಚಾಚಿದ ಹಾಸುಗಲ್ಲು. ಮಳೆಗಾಳಿಗಳಿಂದ ರಕ್ಷಣೆ, ಬೆಕ್ಕು ಏರಲಾರದ ಎತ್ತರ, ಗಿಡುಗ ಎರಗಲಾರದ ಮರೆ, ಈ ಮೂರೂ ಅಲ್ಲಿ ಒಟ್ಟಿಗೇ ದೊರೆಯುತ್ತವೆ. ಹತ್ತಿರದಲ್ಲಿ ಚೆಲ್ಲಿದ ಕಾಳೂ ನೀರೂ ಇದ್ದರೆ ಹಕ್ಕಿಗೆ ಇನ್ನೇನು ಬೇಕು?

ಹಾನಿ ಏನು?

ಬೆಳೆದ ಪಾರಿವಾಳವೊಂದು ದಿನಕ್ಕೆ ಸುಮಾರು ೩೦ ಗ್ರಾಂ ಕಾಳನ್ನು ತಿನ್ನುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ೫೦ ಹಕ್ಕಿಗಳು ಒಂದೇ ಉಗ್ರಾಣವನ್ನು ನೆಚ್ಚಿಕೊಂಡರೆ ದಿನಕ್ಕೆ ಒಂದೂವರೆ ಕಿಲೋಗ್ರಾಂ, ತಿಂಗಳಿಗೆ ೪೫ ಕಿಲೋಗ್ರಾಂ ಧಾನ್ಯ ಮಾಯವಾಗುತ್ತದೆ. ಹಿಕ್ಕೆ ಬಿದ್ದು ಕೆಡುವ ಧಾನ್ಯ ಈ ಲೆಕ್ಕಕ್ಕೆ ಸೇರಿಲ್ಲ.

ಹಿಕ್ಕೆಯ ಬಿಳಿಯ ಭಾಗವು ಯೂರಿಕ್ ಆಮ್ಲ. ಸ್ತನಿಗಳು ದೇಹದ ಸಾರಜನಕದ ಕಲ್ಮಷವನ್ನು ಯೂರಿಯಾ ರೂಪದಲ್ಲಿ ನೀರಿನೊಡನೆ ಹೊರಹಾಕಿದರೆ, ಹಕ್ಕಿಗಳು ಅದನ್ನು ನೀರಿನಲ್ಲಿ ಬಹುಮಟ್ಟಿಗೆ ಕರಗದ ಯೂರಿಕ್ ಆಮ್ಲವಾಗಿ ಗಟ್ಟಿಮಾಡಿ ಹೊರಹಾಕುತ್ತವೆ. ನೀರಿನ ಉಳಿತಾಯಕ್ಕೆ ಇದು ಒಳ್ಳೆಯ ಉಪಾಯವೇ ಸರಿ. ಆದರೆ ತೇವಗೊಂಡ ಹಿಕ್ಕೆಯು ತಗಡಿನ ಲೇಪವನ್ನೂ ಯಂತ್ರಗಳ ಬಣ್ಣವನ್ನೂ ಮೆಲ್ಲಮೆಲ್ಲನೆ ಕೊರೆಯುತ್ತದೆ.

ಇದಕ್ಕಿಂತ ಗಂಭೀರವಾದುದು ಆರೋಗ್ಯದ ಪ್ರಶ್ನೆ. ‘ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್’ ಎಂಬ ಶಿಲೀಂಧ್ರವು ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವುದನ್ನು ಅಮೆರಿಕದ ಚೆಸ್ಟರ್ ಎಮನ್ಸ್ ೧೯೫೫ರಲ್ಲಿ ತೋರಿಸಿಕೊಟ್ಟನು. ಇದರ ಕಣಗಳು ಧೂಳಿನೊಡನೆ ಶ್ವಾಸಕೋಶವನ್ನು ಸೇರಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಿದುಳಿನ ಪೊರೆಯ ಉರಿಯೂತವನ್ನುಂಟುಮಾಡಬಲ್ಲುವು. ಹಕ್ಕಿಯ ಹಿಕ್ಕೆ ಮತ್ತು ಗರಿಗಳ ಧೂಳನ್ನು ಬಹುಕಾಲ ಉಸಿರಾಡಿದ ಕೆಲವರ ಶ್ವಾಸಕೋಶಗಳು ಅದನ್ನು ಸಹಿಸಲಾರದೆ ಊದಿಕೊಳ್ಳುವುದೂ ಉಂಟು. ಪಾರಿವಾಳ ಸಾಕುವವರಲ್ಲಿ ಕಂಡುಬಂದ ಈ ಕಾಯಿಲೆಯನ್ನು ವೈದ್ಯರು ೧೯೬೫ರಲ್ಲಿ ವಿವರಿಸಿದರು. ತೊಲೆಯ ಮೇಲೆ ಒಂದೆರಡು ಹಕ್ಕಿ ಕಂಡಮಾತ್ರಕ್ಕೆ ಹೆದರಬೇಕಾದ ಕಾರಣವಿಲ್ಲ. ಆದರೆ ವರ್ಷಗಟ್ಟಲೆ ಸಂಗ್ರಹವಾದ ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವ ಕೂಲಿಯವನ ಶ್ವಾಸಕೋಶದ ಬಗ್ಗೆ ನಾವು ಯೋಚಿಸಲೇಬೇಕು.

ಫಲಿಸದ ಉಪಾಯಗಳು

ಮೊದಲನೆಯದು ಬೆದರುಬೊಂಬೆ. ಪ್ಲಾಸ್ಟಿಕ್ಕಿನ ಗೂಬೆಯನ್ನೋ ಹೊಳೆಯುವ ತಗಡಿನ ಚೂರುಗಳನ್ನೋ ತೂಗಹಾಕಿದರೆ ಕೆಲವು ದಿನ ಹಕ್ಕಿಗಳು ದೂರವಿರುತ್ತವೆ. ಬಳಿಕ ಗೂಬೆಯ ತಲೆಯ ಮೇಲೆಯೇ ಬಂದು ಕೂರುತ್ತವೆ. ಅಪಾಯ ತರದ ಪ್ರಚೋದನೆ ಮತ್ತೆಮತ್ತೆ ಎದುರಾದಾಗ ಪ್ರಾಣಿಯು ಅದನ್ನು ಲಕ್ಷಿಸದಿರಲು ಕಲಿಯುತ್ತದೆ. ಪಾರಿವಾಳವಂತೂ ಈ ಕಲಿಕೆಯಲ್ಲಿ ಮಂದಮತಿಯಲ್ಲ. ಮನುಷ್ಯರಿರುವ ಛಾಯಾಚಿತ್ರಗಳನ್ನೂ ಇಲ್ಲದ ಚಿತ್ರಗಳನ್ನೂ ಬೇರ್ಪಡಿಸಿ ಗುರುತಿಸಲು ಅದಕ್ಕೆ ಕಲಿಸಬಹುದೆಂದು ಹೆರ್ನ್‌ಸ್ಟೈನ್ ಮತ್ತು ಲವ್‌ಲ್ಯಾಂಡ್ ಎಂಬ ವಿಜ್ಞಾನಿಗಳು ೧೯೬೪ರಲ್ಲಿ ತೋರಿಸಿದರು. ಅಲುಗದ ಗೂಬೆ ಅದನ್ನು ಎಷ್ಟು ದಿನ ಮೋಸಗೊಳಿಸೀತು?

ಎರಡನೆಯದು ಶ್ರವಣಾತೀತ ಧ್ವನಿಯ ಯಂತ್ರ. ಇಲ್ಲಿಯ ದೋಷ ಇನ್ನೂ ಸ್ಪಷ್ಟ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಪಾರಿವಾಳದ ಕಿವಿಗೆ ೧೦,೦೦೦ ಕಂಪನಗಳನ್ನು ಮೀರಿದ ಧ್ವನಿ ಕೇಳುವುದಿಲ್ಲವೆಂದೇ ಹೇಳಬೇಕು. ನಮಗೆ ಕೇಳದ ಆ ಕೀಚಲು ಧ್ವನಿ ಹಕ್ಕಿಗೂ ಕೇಳದು!

ಮೂರನೆಯದು, ಹಿಡಿದು ದೂರ ಒಯ್ದು ಬಿಡುವುದು. ಗೂಡಿಗೆ ಮರಳುವ ಪಾರಿವಾಳದ ಶಕ್ತಿ ಲೋಕಪ್ರಸಿದ್ಧ. ೧೯೪೬ರಲ್ಲಿ ಒರಿಸ್ಸಾದ ಪೊಲೀಸರು ಪತ್ರಗಳನ್ನು ಸಾಗಿಸಲು ಪಾರಿವಾಳಗಳ ದಳವನ್ನೇ ಕಟ್ಟಿದುದು ಈ ಶಕ್ತಿಯನ್ನು ನಂಬಿಕೊಂಡು. ಬುಟ್ಟಿಯಲ್ಲಿ ತುಂಬಿ ಪಕ್ಕದ ಊರಿಗೆ ಒಯ್ದ ಹಕ್ಕಿ ನಮಗಿಂತ ಮೊದಲೇ ಷೆಡ್ಡನ್ನು ಸೇರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಸಂಖ್ಯೆಯ ಗುಟ್ಟು

ಹಾಗಾದರೆ ಕೊಂದುಬಿಟ್ಟರೆ? ದಯೆಯ ಮಾತನ್ನು ಒಂದು ಗಳಿಗೆ ಬದಿಗಿಟ್ಟು ಫಲವನ್ನಷ್ಟೇ ನೋಡೋಣ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ೧೯೬೧ರಿಂದ ೧೯೮೫ರ ವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಲ್ಲಲಾಯಿತು. ಆದರೂ ಅವುಗಳ ಸಂಖ್ಯೆ ಸುಮಾರು ೨೦,೦೦೦ದಿಂದ ಕೆಳಗಿಳಿಯಲಿಲ್ಲ. ಸತ್ತ ಹಕ್ಕಿಯ ಪಾಲಿನ ಆಹಾರ ಉಳಿದ ಹಕ್ಕಿಗಳಿಗೆ ದೊರೆತು, ಇಲ್ಲವಾದರೆ ಸಾಯಬೇಕಾಗಿದ್ದ ಮರಿಗಳು ಬದುಕಿ ತೆರವಾದ ಸ್ಥಾನವನ್ನು ತುಂಬಿದುವು. ೧೯೮೮ರಲ್ಲಿ ಆ ನಗರದವರು ದಾರಿಯನ್ನು ಬದಲಿಸಿದರು. ಕಾಳು ಚೆಲ್ಲುವುದನ್ನು ನಿಲ್ಲಿಸುವಂತೆ ಜನರಿಗೆ ತಿಳಿವಳಿಕೆ ನೀಡಿದರು. ಕೆಲವು ಗೂಡುಮನೆಗಳನ್ನು ಕಟ್ಟಿ ಅಲ್ಲಿ ಇಟ್ಟ ಮೊಟ್ಟೆಗಳನ್ನು ತೆಗೆಯುತ್ತ ಬಂದರು. ಸುಮಾರು ನಾಲ್ಕು ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಪಾರಿವಾಳದ ಸಂಖ್ಯೆಯನ್ನು ನಿರ್ಧರಿಸುವುದು ಬಂದೂಕವಲ್ಲ, ಆಹಾರ ಎಂಬುದು ಇದರಿಂದ ವೇದ್ಯವಾಗುತ್ತದೆ.

ನಮ್ಮ ದೇಶದಲ್ಲಿ ಪಾರಿವಾಳಕ್ಕೆ ಕಾಳು ಹಾಕುವುದನ್ನು ಪುಣ್ಯಕಾರ್ಯವೆಂದು ಭಾವಿಸುವವರು ಅನೇಕರಿದ್ದಾರೆ. ೨೦೨೫ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳನ್ನು ಮುಚ್ಚುವ ಪ್ರಶ್ನೆ ಅಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದುದೂ ಇದೇ ಕಾರಣದಿಂದ. ಹಕ್ಕಿಯ ಮೇಲಣ ಕನಿಕರವೂ ನೆರೆಯವರ ಆರೋಗ್ಯವೂ ಎದುರುಬದುರಾಗಿ ನಿಂತಾಗ ಎರಡನ್ನೂ ತೂಗಿ ನೋಡಬೇಕಲ್ಲದೆ ಒಂದನ್ನು ಹಳಿದು ಪ್ರಯೋಜನವಿಲ್ಲ.

ಫಲಿಸುವ ಉಪಾಯಗಳು

ಮೊದಲು ಚೆಲ್ಲಿದ ಕಾಳನ್ನು ಅಂದಂದೇ ಬಳಿಯಬೇಕು, ಮೂಟೆಗಳನ್ನು ಮುಚ್ಚಿಡಬೇಕು, ನಿಂತ ನೀರನ್ನು ಹರಿಯಬಿಡಬೇಕು. ಆಮೇಲೆ ಹಕ್ಕಿ ಕೂರುವ ಜಾಗವನ್ನು ಕೂರಲಾಗದಂತೆ ಮಾಡಬೇಕು. ಇದಕ್ಕೆ ಭೌತಶಾಸ್ತ್ರದ ಒಂದು ಸರಳ ತತ್ತ್ವ ನೆರವಾಗುತ್ತದೆ. ಇಳಿಜಾರಿನ ಮೇಲಿಟ್ಟ ವಸ್ತುವು, ಇಳಿಜಾರಿನ ಕೋನದ ಟ್ಯಾಂಜೆಂಟು ಘರ್ಷಣ ಗುಣಾಂಕವನ್ನು ಮೀರಿದೊಡನೆ ಜಾರತೊಡಗುತ್ತದೆ. ೪೫ ಡಿಗ್ರಿಯ ಟ್ಯಾಂಜೆಂಟು ೧. ೬೦ ಡಿಗ್ರಿಯದು ೧.೭೩. ನುಣುಪಾದ ತಗಡಿನ ಮೇಲೆ ಹಕ್ಕಿಯ ಕಾಲಾಗಲಿ ಗೂಡಿನ ಕಡ್ಡಿಯಾಗಲಿ ಅಷ್ಟು ಘರ್ಷಣೆಯನ್ನು ಪಡೆಯಲಾರದು. ಆದುದರಿಂದ ತೊಲೆಯ ಮೇಲ್ಮೈಗೆ ೪೫ರಿಂದ ೬೦ ಡಿಗ್ರಿ ಓರೆಯಾಗಿ ನುಣುಪು ತಗಡನ್ನು ಬಡಿದರೆ ಬಂಡೆಯ ಅಂಚು ಅಂಚಾಗಿ ಉಳಿಯುವುದಿಲ್ಲ. ಒರಟು ಹಲಗೆಯಾದರೆ ಉಗುರು ಹಿಡಿಯುತ್ತದೆ, ಶ್ರಮ ವ್ಯರ್ಥ.

ತೊಲೆಗಳು ಬಹಳವಿದ್ದಲ್ಲಿ ಮಾಡಿನ ಕೆಳಗೆ ಬಲೆ ಕಟ್ಟುವುದು ಲೇಸು. ಪಾರಿವಾಳಕ್ಕೆ ೫೦ ಮಿಲಿಮೀಟರ್ ಕಣ್ಣಿನ ಬಲೆ ಸಾಕು. ಗುಬ್ಬಚ್ಚಿಯನ್ನೂ ತಡೆಯಬೇಕಾದರೆ ೨೦ ಮಿಲಿಮೀಟರನ್ನು ಮೀರದ ಕಣ್ಣು ಬೇಕು. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಜೋಲುವ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ನರಳಿ ಸಾಯುತ್ತದೆ. ಗವಾಕ್ಷಿಗಳಿಗೆ ತಂತಿಯ ಜಾಲರಿಯನ್ನೂ, ವಾಹನಗಳು ಓಡಾಡುವ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ತೆರೆಯನ್ನೂ ಹಾಕಬಹುದು. ಮೊನಚು ಕಡ್ಡಿಗಳ ಪಟ್ಟಿ ಕಿರಿದಾದ ಅಂಚುಗಳಿಗೆ ಆದೀತು. ಅದರ ನಡುವೆ ಕಸಕಡ್ಡಿ ಸೇರಲು ಬಿಟ್ಟರೆ ಅದೇ ಗೂಡಿಗೆ ತಳಹದಿಯಾಗುತ್ತದೆ. ಅಂಟು ಮತ್ತು ವಿಷಗಳನ್ನು ಮಾತ್ರ ಎಂದಿಗೂ ಬಳಸಬಾರದು. ಅವು ಗುರಿಯಿಟ್ಟ ಹಕ್ಕಿಯನ್ನೂ ದಾರಿಹೋಕ ಹಕ್ಕಿಯನ್ನೂ ಬೇರ್ಪಡಿಸಿ ನೋಡುವುದಿಲ್ಲ.

ಹಿಕ್ಕೆಯನ್ನು ತೆಗೆಯುವಾಗ ಮೊದಲು ನೀರು ಚಿಮುಕಿಸಿ ಚೆನ್ನಾಗಿ ನೆನೆಸಬೇಕು. ಮೂಗುಬಾಯಿಗಳಿಗೆ ಮುಸುಕನ್ನೂ ಕೈಗಳಿಗೆ ಚೀಲವನ್ನೂ ಧರಿಸಿ, ಹಸಿಯಾಗಿರುವಾಗಲೇ ಕೆರೆದು ತೆಗೆಯಬೇಕು. ಒಣ ಪೊರಕೆಯನ್ನು ಮುಟ್ಟಲೇಬಾರದು.

ಕಾಲದ ಲೆಕ್ಕ

ಕಿಂಡಿಗಳನ್ನು ಮುಚ್ಚುವುದು ಯಾವಾಗ? ಪಾರಿವಾಳ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಸುಮಾರು ೧೮ ದಿನ ಗಂಡುಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ. ಮರಿ ಹಾರಲು ಇನ್ನೂ ಒಂದು ತಿಂಗಳಾದರೂ ಬೇಕು. ಒಟ್ಟು ಸುಮಾರು ಏಳು ವಾರಗಳಾದುವು. ಎಳೆಯ ಮರಿಗೆ ತಾಯಿತಂದೆಗಳೆರಡೂ ತಮ್ಮ ಕುತ್ತಿಗೆಯ ಬುಡದ ಅನ್ನಚೀಲದಲ್ಲಿ ಸ್ರವಿಸುವ ‘ಹಾಲನ್ನು’ ಉಣಿಸುತ್ತವೆ. ಇತರ ಅನೇಕ ಹಕ್ಕಿಗಳಂತೆ ಮರಿಗಳಿಗಾಗಿ ಹುಳುಹುಪ್ಪಟೆಗಳ ಋತುವನ್ನು ಕಾಯಬೇಕಾಗಿಲ್ಲವಾದ್ದರಿಂದ ಪಾರಿವಾಳವು ವರ್ಷದ ಯಾವ ತಿಂಗಳಲ್ಲಾದರೂ ಮರಿಮಾಡಬಲ್ಲುದು. ಆದುದರಿಂದ ಇಂಥ ತಿಂಗಳು ಸುರಕ್ಷಿತವೆಂದು ಪಂಚಾಂಗ ನೋಡಿ ಹೇಳುವಂತಿಲ್ಲ. ಒಂದೊಂದು ಗೂಡನ್ನೂ ಪರೀಕ್ಷಿಸಿಯೇ ಮುಚ್ಚಬೇಕು. ಮರಿಗಳನ್ನು ಒಳಗೆ ಬಿಟ್ಟು ತಾಯಿಯನ್ನು ಹೊರಗಟ್ಟಿದರೆ ಅವು ಹಸಿದು ಸಾಯುತ್ತವೆ. ಕೊಳೆತ ಮರಿಗಳಿಂದ ಷೆಡ್ಡೂ ನಾರುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು ಮೊಟ್ಟೆಗಳನ್ನು ಕೆಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆಂಬುದನ್ನು ಮರೆಯಬಾರದು.

ಸೂರಿನಡಿಯ ಹಕ್ಕಿಗಳೆಲ್ಲವೂ ಪಾರಿವಾಳಗಳಲ್ಲ ಎಂಬುದನ್ನೂ ಗಮನಿಸಬೇಕು. ಕಣಜಗೂಬೆ ರಾತ್ರಿಯೆಲ್ಲ ಇಲಿಗಳನ್ನು ಹಿಡಿಯುವ ಸಂಬಳವಿಲ್ಲದ ಕಾವಲುಗಾರ. ಬಾನಾಡಿಗಳು ಹಾರುತ್ತಲೇ ಕೀಟಗಳನ್ನು ತಿನ್ನುತ್ತವೆ. ಇವುಗಳಿಗೆ ಎಡೆಯುಳಿಸಿ ಪಾರಿವಾಳವನ್ನು ಮಾತ್ರ ತಡೆಯುವುದು ಜಾಣತನ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಇದನ್ನು ತಮ್ಮ ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಪಾರಿವಾಳಗಳಿರುವ ಎರಡು ಷೆಡ್ಡುಗಳನ್ನು ಆರಿಸಿಕೊಂಡು, ಏಳು ಸಂಜೆ ಒಂದೇ ವೇಳೆಯಲ್ಲಿ ನೆಲದ ಮೇಲೆ ನಿಂತು, ಕುಳಿತ ಹಕ್ಕಿಗಳನ್ನೂ ಕುಳಿತ ಜಾಗಗಳನ್ನೂ ಬರೆದುಕೊಳ್ಳಿ. ಬಳಿಕ ಒಂದು ಷೆಡ್ಡಿನಲ್ಲಿ ಮಾತ್ರ ಹಿರಿಯರ ಮೂಲಕ ಓರೆ ತಗಡನ್ನು ಹಾಕಿಸಿ. ಮತ್ತೆ ಏಳು ಸಂಜೆ ಎರಡು ಕಡೆಗಳಲ್ಲಿಯೂ ಎಣಿಸಿ ಸರಾಸರಿಗಳನ್ನು ಹೋಲಿಸಿ. ಎರಡನೆಯ ಷೆಡ್ಡು ಏತಕ್ಕೆಂದರೆ, ಹಕ್ಕಿಗಳು ಕಡಿಮೆಯಾದುದು ತಗಡಿನಿಂದಲೋ ಹವೆಯ ಬದಲಾವಣೆಯಿಂದಲೋ ಎಂಬ ಸಂಶಯವನ್ನು ಅದೇ ಬಗೆಹರಿಸಬಲ್ಲುದು. ಒಂದು ತಿಂಗಳ ಅನಂತರ ಪುನಃ ಎಣಿಸುವುದನ್ನು ಮರೆಯಬೇಡಿ. ಬೆದರುಬೊಂಬೆಗೂ ಓರೆ ತಗಡಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಆಗಲೇ. ಬೊಂಬೆಯು ಹಕ್ಕಿಯ ಹೆದರಿಕೆಯನ್ನು ನಂಬಿದೆ, ಹೆದರಿಕೆ ದಿನಗಳೆದಂತೆ ಸವೆಯುತ್ತದೆ. ತಗಡು ಘರ್ಷಣೆಯ ನಿಯಮವನ್ನು ನಂಬಿದೆ, ಆ ನಿಯಮ ಎಷ್ಟು ದಿನ ಕಳೆದರೂ ಬದಲಾಗದು.