ತಟ್ಟೆ ದೂಡುವ ವಯಸ್ಸು

ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದ ಮಗು ಒಂದು ವರ್ಷ ದಾಟಿದ ಮೇಲೆ, ಹೆಚ್ಚಾಗಿ ಒಂದೂವರೆ ಎರಡು ವರ್ಷದ ಹೊತ್ತಿಗೆ, ಇದ್ದಕ್ಕಿದ್ದಂತೆ ತುತ್ತು ಕಂಡರೆ ಮುಖ ತಿರುಗಿಸತೊಡಗುತ್ತದೆ. ನಿನ್ನೆ ಬಾಯಿ ಚಪ್ಪರಿಸಿದ ರಾಗಿ ಸರಿ ಇವತ್ತು ಬೇಡ. ಅನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ತಟ್ಟೆಯನ್ನೇ ದೂಡುತ್ತದೆ. ದೃಷ್ಟಿ ತಾಗಿದೆ ಎಂದು ಒಬ್ಬರು, ಹಟ ಎಂದು ಇನ್ನೊಬ್ಬರು, ಮುದ್ದು ಜಾಸ್ತಿಯಾಯಿತು ಎಂದು ಮತ್ತೊಬ್ಬರು ಹೇಳುವುದುಂಟು. ಬಹುಪಾಲು ಮಕ್ಕಳ ಮಟ್ಟಿಗೆ ಈ ಮೂರೂ ಸುಳ್ಳು.

ಮುಖ್ಯ ಕಾರಣ ಬೆಳವಣಿಗೆಯ ಲೆಕ್ಕದಲ್ಲಿದೆ. ಹುಟ್ಟುವಾಗ 3 ಕೆ.ಜಿ. ಇದ್ದ ಮಗು ಮೊದಲ ಹುಟ್ಟುಹಬ್ಬಕ್ಕೆ 9 ಕೆ.ಜಿ. ಆಸುಪಾಸು ತೂಗುತ್ತದೆ. ಎರಡನೆಯ ವರ್ಷದಲ್ಲಿ ಅದಕ್ಕೆ ಸೇರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಬೆಳೆಯುವ ವೇಗ ಇಳಿದಂತೆ ಹಸಿವೂ ಇಳಿಯುತ್ತದೆ. ಬಡಿಸುವವರ ಕೈಯ ಅಳತೆ ಮಾತ್ರ ಇಳಿಯುವುದಿಲ್ಲ. ಇದರ ಜೊತೆಗೆ ಅಪರಿಚಿತ ತಿನಿಸಿನ ಅಂಜಿಕೆ ಶುರುವಾಗುತ್ತದೆ. ನಡೆಯಲು ಕಲಿತ ಮಗು ಕಂಡ ಕಂಡ ಸೊಪ್ಪು ಕಾಯಿಗಳನ್ನು ಬಾಯಿಗೆ ಹಾಕಿಕೊಳ್ಳದಿರಲೆಂದು ಪ್ರಕೃತಿ ಇಟ್ಟ ಕಾವಲು ಇದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಎರಡರಿಂದ ಆರು ವರ್ಷದವರೆಗೆ ಈ ಅಂಜಿಕೆ ಜೋರು. ದವಡೆಹಲ್ಲು ಮೂಡುವ ನೋವು, ಮಲಬದ್ಧತೆ, ನೆಗಡಿಯೂ ನಡುನಡುವೆ ಸೇರಿಕೊಳ್ಳುತ್ತವೆ.

ಊಟ ಯುದ್ಧವಾಗುವುದು ಈ ಹಂತದಲ್ಲೇ. ಚಂದಮಾಮ, ಕಾಗೆ, ಗುಮ್ಮ ಎಲ್ಲ ಮುಗಿದು ಈಗ ಮೊಬೈಲಿನ ಕಾಲ. ಪರದೆಗೆ ಕಣ್ಣು ನೆಟ್ಟ ಮಗು ಬಾಯಿ ತೆರೆಯುತ್ತದೆ, ನಿಜ; ಆದರೆ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯುವುದಿಲ್ಲ, ರುಚಿಯೂ ಮನಸ್ಸಿಗೆ ಹತ್ತುವುದಿಲ್ಲ. ಕೈಕಾಲು ಹಿಡಿದು ತುರುಕಿದರೆ ಆ ತಿನಿಸಿನ ಮೇಲೆಯೇ ದ್ವೇಷ ಬೆಳೆಯುತ್ತದೆ. ಪಲ್ಯ ತಿಂದರೆ ಚಾಕೊಲೇಟ್ ಎಂಬ ಲಂಚವೂ ಪಲ್ಯವೆಂದರೆ ಶಿಕ್ಷೆ ಎಂದೇ ಕಲಿಸುತ್ತದೆ.

1920–30ರ ದಶಕಗಳಲ್ಲಿ ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ ಹಾಲು ಬಿಡಿಸಿದ ಎಳೆಮಕ್ಕಳ ಮುಂದೆ ಮೂವತ್ತಕ್ಕೂ ಹೆಚ್ಚು ಬಗೆಯ ಸಾದಾ ಆಹಾರಗಳಿಂದ ಆಯ್ದವನ್ನು ಇಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಒಂದೊಂದು ಹೊತ್ತಿನ ಊಟ ವಿಚಿತ್ರವಾಗಿದ್ದರೂ ಮಕ್ಕಳು ಚೆನ್ನಾಗಿಯೇ ಬೆಳೆದರು. ಇದನ್ನು ಓದಿ ಮಗುವಿಗೆ ಎಲ್ಲ ಗೊತ್ತು ಎಂದು ಹಿಗ್ಗುವವರು ಒಂದು ಸಂಗತಿ ಮರೆಯುತ್ತಾರೆ: ಆ ತಟ್ಟೆಗಳಲ್ಲಿ ಸಕ್ಕರೆಯಾಗಲಿ ಸಿಹಿತಿಂಡಿಯಾಗಲಿ ಇರಲೇ ಇಲ್ಲ. ಪಟ್ಟಿ ದೊಡ್ಡವರದು, ಆಯ್ಕೆ ಮಗುವಿನದು. ಮುಂದೆ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇಂಥದೇ ಹಂಚಿಕೆಯನ್ನು ಸೂತ್ರವಾಗಿಸಿದರು: ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಪಾಲು, ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನ ಪಾಲು.

ನಮ್ಮ ಮನೆಗಳಲ್ಲಿ ಈ ಸೂತ್ರ ಮುರಿಯುವುದು ಹೆಚ್ಚಾಗಿ ಊಟದ ನಡುವಿನ ಹೊತ್ತಿನಲ್ಲಿ. ಊಟ ಬಿಟ್ಟ ಮಗುವಿಗೆ ಪಾಪ ಎಂದು ಬಾಟಲಿ ಹಾಲು, ಹಾಲಿಗೆ ಅದ್ದಿದ ಬಿಸ್ಕತ್ತು, ಸಂಜೆ ಅಂಗಡಿಯಿಂದ ಕುರುಕಲು. ಹಾಲಿನಿಂದ ಹೊಟ್ಟೆ ತುಂಬುತ್ತದೆ, ಹಸಿವು ಸಾಯುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣದಂಶ ತೀರ ಕಡಿಮೆ. ದಿನಕ್ಕೆ ಅರ್ಧ ಲೀಟರು ಮೀರಿದರೆ ರಕ್ತಹೀನತೆಯ ಭಯ. ರಕ್ತಹೀನತೆಯೋ ಇದ್ದ ಹಸಿವನ್ನೂ ಕುಂದಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಆದ್ದರಿಂದ ಹಾಲನ್ನು ಲೋಟಕ್ಕೆ, ಅದೂ ಊಟದ ಹೊತ್ತು ಬಿಟ್ಟು, ಬದಲಿಸುವುದು ಮೊದಲ ಕೆಲಸ. ಎರಡೂವರೆ ಮೂರು ಗಂಟೆಯ ಅಂತರದಲ್ಲಿ ಊಟ ತಿಂಡಿ, ನಡುವೆ ನೀರು ಮಾತ್ರ. ಹಸಿದ ಮಗುವಿನ ಎದುರು ಅರ್ಧ ವಾದ ಗೆದ್ದಂತೆ.

ಬಡಿಸುವ ಪ್ರಮಾಣ ಚಿಕ್ಕದಿರಲಿ. ಎರಡು ವರ್ಷದ ಮಗುವಿಗೆ ಒಂದೊಂದು ಪದಾರ್ಥ ಎರಡು ದೊಡ್ಡ ಚಮಚ ಸಾಕು, ಕೇಳಿದರೆ ಮತ್ತೆ ಬಡಿಸಬಹುದು. ಹೊಸ ತರಕಾರಿ ಇಷ್ಟವಾಗಲು ಎಂಟರಿಂದ ಹದಿನೈದು ಸಲ ಕಣ್ಣಿಗೆ ಬಿದ್ದು ನಾಲಗೆಗೆ ತಾಗಬೇಕಾಗಬಹುದು; ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ ಅದಕ್ಕಾಗಲ್ಲ ಎಂದು ಷರಾ ಬರೆದಾಗಿರುತ್ತದೆ. ಒತ್ತಾಯವಿಲ್ಲದೆ ಪರಿಚಿತ ಮೊಸರನ್ನದ ಪಕ್ಕ ನಾಲ್ಕು ಹೋಳು ಇಟ್ಟು ಸುಮ್ಮನಿರುವುದು ಒಳ್ಳೆಯದು. ಈ ಲೇಖಕಿಯ ಮನೆಯಲ್ಲಿ ಹುರುಳಿಕಾಯಿ ಕೊನೆಗೂ ಒಳಹೊಕ್ಕದ್ದು ಅಜ್ಜನ ತಟ್ಟೆಯಿಂದ. ತನ್ನ ತಟ್ಟೆಯಲ್ಲಿ ಬೇಡವಾದದ್ದು ಪಕ್ಕದವರ ತಟ್ಟೆಯಲ್ಲಿ ಬೇಕಾಗುವುದು ಈ ವಯಸ್ಸಿನ ಸ್ವಭಾವ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದರ ಲಾಭವೂ ಅದೇ. ಕೈಯಿಂದ ಕಲಸಿ ಚೆಲ್ಲಾಡಲು ಬಿಡಬೇಕು, ನೆಲ ಒರೆಸಿದರಾಯಿತು.

ಹಿರಿಯರನ್ನು ಒಪ್ಪಿಸುವುದೇ ಕಷ್ಟದ ಭಾಗ. ಮಗು ಉಂಡಿತಾ ಎಂಬುದು ಊರಿಂದ ಬರುವ ಫೋನಿನ ಮೊದಲ ಪ್ರಶ್ನೆ. ಒಂದು ಹೊತ್ತಿನದಲ್ಲ, ಇಡೀ ವಾರದ ಊಟ ಲೆಕ್ಕ ಹಾಕಬೇಕು ಎಂಬ ಮಾತು ಅಜ್ಜಿಯರಿಗೆ ರುಚಿಸುವುದಿಲ್ಲ. ವಾದಕ್ಕಿಂತ ತಾಯಿ ಕಾರ್ಡಿನ ಬೆಳವಣಿಗೆಯ ರೇಖೆ ತೋರಿಸುವುದು ಮೇಲು. ಅಂಗನವಾಡಿಯಲ್ಲಿ ತೂಗಿಸಿದ ತೂಕ ತನ್ನ ರೇಖೆಯ ಜೊತೆಗೇ ಏರುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಹೆದರಬೇಕಿಲ್ಲ.

ತೂಕ ನಿಂತರೆ ಅಥವಾ ಇಳಿದರೆ, ನುಂಗುವಾಗ ಕೆಮ್ಮು, ಉಸಿರುಕಟ್ಟು, ಪದೇ ಪದೇ ವಾಂತಿ ಕಂಡರೆ, ಗಟ್ಟಿ ಆಹಾರ ಒಂದನ್ನೂ ಮುಟ್ಟದೆ ಬೆರಳೆಣಿಕೆಯ ಪದಾರ್ಥಗಳಿಗೇ ಅಂಟಿಕೊಂಡರೆ, ಮಾತು ಮತ್ತು ಒಡನಾಟದಲ್ಲಿ ಹಿಂದುಳಿದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮಣ್ಣು, ಸುಣ್ಣ ತಿನ್ನುತ್ತಿದ್ದರೆ ರಕ್ತಪರೀಕ್ಷೆ ಆಗಬೇಕು. ಕಬ್ಬಿಣದಂಶದ ಸಿರಪ್ ಮತ್ತು ಜಂತುಹುಳದ ಔಷಧಿ ಆರೋಗ್ಯ ಇಲಾಖೆಯ ಮೂಲಕ ಉಚಿತವಾಗಿ ಸಿಗುತ್ತವೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಹಸಿವಿನ ಟಾನಿಕ್ಕನ್ನು ವೈದ್ಯರು ಬರೆದುಕೊಡದೆ ಕೊಡಬಾರದು. ಅಂಥ ಕೆಲವು ಸಿರಪ್‌ಗಳು ನಿದ್ದೆ ಬರಿಸುತ್ತವೆ.