ಹತ್ತು ಸೆಂಟ್ ಯಾವ ಶಾಲೆಗೆ?

ಪ್ರೀತಿಯ ಮಗಳೇ,

ಅಮೆರಿಕಕ್ಕೆ ಬಂದು ಮಗುವನ್ನು ಶಾಲೆಗೆ ಸೇರಿಸಿದ್ದೀಯ. ದಿನಸಿ ಬಿಲ್ಲನ್ನು ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಶಾಲೆಗೆ ಹಣ ಬರುತ್ತದೆ ಎಂಬ ಚೀಟಿ ನಿನಗೂ ಬಂದಿರಬೇಕು. ಸರ್ಕಾರಿ ಶಾಲೆಗೆ ನಾವೇಕೆ ಹಣ ಕೂಡಿಸಬೇಕು ಎಂದು ಅನ್ನಿಸುವುದು ಸಹಜ. ಇಲ್ಲಿನ ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಆಯಾ ಊರಿನ ಮನೆ, ಜಮೀನಿನ ತೆರಿಗೆಯಿಂದ ಬರುತ್ತದೆ. ಅದು ಸಂಬಳಕ್ಕೆ, ಕಟ್ಟಡಕ್ಕೆ ಹೋದ ಮೇಲೆ ಪುಸ್ತಕ, ವಾದ್ಯ, ಮಕ್ಕಳ ಪ್ರವಾಸ ಇಂಥವಕ್ಕೆ ಪೋಷಕರ, ಶಿಕ್ಷಕರ ಸಂಘವಾದ ಪಿಟಿಎ ಜೋಳಿಗೆ ಹಿಡಿಯುತ್ತದೆ.

ಆ ಜೋಳಿಗೆಗೆ ಹಣ ಬರುವ ಒಂದು ದಾರಿ ನಿನ್ನ ಚೀಟಿಯಲ್ಲಿರುವ ಈ ಯೋಜನೆ. ಜನರಲ್ ಮಿಲ್ಸ್ ಕಂಪನಿ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಬಾಕ್ಸ್ ಟಾಪ್ಸ್’ ಹೆಸರಿನಲ್ಲಿ ಇದನ್ನು ಶುರುಮಾಡಿತು. ಅವರ ಚೀರಿಯೋಸ್ ಸೀರಿಯಲ್ ಡಬ್ಬದ ಮೇಲೆ ಪುಟ್ಟ ಗುಲಾಬಿ ಚೀಟಿ. ಕತ್ತರಿಸಿ ಮಗುವಿನ ಚೀಲದಲ್ಲಿ ಕಳಿಸಿದರೆ ಶಾಲೆಗೆ 10 ಸೆಂಟ್. ನನ್ನ ಮಕ್ಕಳ ಕಾಲದಲ್ಲಿ ನಾವು ತಾಯಂದಿರು ಶಾಲೆಯ ಲೈಬ್ರರಿಯ ಮೇಜಿನ ಸುತ್ತ ಕೂತು, ಅವಧಿ ಮುಗಿದ ಚೀಟಿಗಳನ್ನು ಆರಿಸಿ ತೆಗೆದು, ಐವತ್ತೈವತ್ತರ ಕಟ್ಟು ಮಾಡುತ್ತಿದ್ದೆವು. ಈ ದೇಶದಲ್ಲಿ ನನಗೆ ಮೊದಲ ಗೆಳತಿಯರು ಸಿಕ್ಕಿದ್ದು ಆ ಮೇಜಿನ ಬಳಿ. 2019ರಲ್ಲಿ ಆ್ಯಪ್ ಬಂತು. ಈಗ ಕೊಂಡ 14 ದಿನದೊಳಗೆ ಬಿಲ್ಲು ಸ್ಕ್ಯಾನ್ ಮಾಡಿದರೆ ಆಯಿತು. ಕೆಲಸ ಸುಲಭವಾಯಿತು, ಮೇಜು ಹೋಯಿತು. ಅದಕ್ಕೇ ಹೇಳುತ್ತೇನೆ, ಬಿಲ್ಲು ಸ್ಕ್ಯಾನ್ ಮಾಡಿ ಸುಮ್ಮನಾಗಬೇಡ, ಪಿಟಿಎ ಸಭೆಗೂ ಹೋಗು.

ಶಾಲೆಯ ಹೆಸರಿನಲ್ಲಿ ಬೇಡದ್ದನ್ನು ಮಾತ್ರ ಕೊಳ್ಳಬೇಡಮ್ಮ. ನಾಲ್ಕೈದು ಡಾಲರಿನ ಡಬ್ಬಕ್ಕೆ 10 ಸೆಂಟ್ ಎಂದರೆ ನೂರಕ್ಕೆ ಎರಡು, ಎರಡೂವರೆ. ಬೆಳಿಗ್ಗೆ ದೋಸೆ, ಅವಲಕ್ಕಿ ತಿಂದು ಹೋಗುವ ಮಗುವಿಗೆ ಅಷ್ಟಕ್ಕಾಗಿ ಸಕ್ಕರೆ ಬೆರೆತ ಸೀರಿಯಲ್ ರೂಢಿ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಹೇಗೂ ತರುವ ಸಾಮಾನಿಗೆ ಸಿಕ್ಕಷ್ಟು ಸಿಗಲಿ. ಕೈ ಸ್ವಲ್ಪ ಸಡಿಲವಿದ್ದ ವರ್ಷ 25 ಡಾಲರಿನ ಚೆಕ್ ಬರೆದುಕೊಡು. ಅದು 250 ಡಬ್ಬಗಳಿಗೆ ಸಮ. ಕಂಪನಿಗಳ ಯೋಜನೆಗಳನ್ನು ನಂಬಿ ಕೂರುವಂತೆಯೂ ಇಲ್ಲ. ಕ್ಯಾಂಪ್‌ಬೆಲ್ ಸೂಪಿನ ಲೇಬಲ್ ಯೋಜನೆ 1973ರಿಂದ ನಡೆದು 2016ರಲ್ಲಿ ನಿಂತಿತು. ಕೊಂಡದ್ದರಲ್ಲಿ ನೂರು ಡಾಲರಿಗೆ ಅರ್ಧ ಡಾಲರಿನಂತೆ ಕೊಡುತ್ತಿದ್ದ ಅಮೆಜಾನ್ ಸ್ಮೈಲ್ 2023ರ ಫೆಬ್ರವರಿಯಲ್ಲಿ ಮುಚ್ಚಿತು.

ಇನ್ನೊಂದು ವಿಷಯ, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಸಾಮಾನ್ಯವಾಗಿ ಉಳ್ಳವರ ಕಡೆಯ ಶಾಲೆಗೆ ಮನೆ ತೆರಿಗೆಯಿಂದ ಬರುವ ಹಣವೂ ಹೆಚ್ಚು, ಬಿಲ್ಲು ಸ್ಕ್ಯಾನ್ ಮಾಡಲು ಪುರುಸೊತ್ತಿರುವ ತಂದೆ ತಾಯಿಯರೂ ಹೆಚ್ಚು. ಎರಡೆರಡು ಕೆಲಸ ಮಾಡಿ ದಣಿದು ಬರುವ ತಾಯಂದಿರ ಮಕ್ಕಳು ಓದುವ ಶಾಲೆಗೆ ಎರಡೂ ಕಡಿಮೆ. ಆ್ಯಪಿನಲ್ಲಿ ನಿನ್ನ ಮಗುವಿನ ಶಾಲೆಯನ್ನೇ ಆರಿಸಬೇಕೆಂಬ ನಿಯಮವಿಲ್ಲ. ನೋಂದಾಯಿತ ಯಾವ ಶಾಲೆಯನ್ನಾದರೂ ಆರಿಸಬಹುದು. ನಮ್ಮ ಕಡೆ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಬೇರೆ ಡಬ್ಬಿಗೆ ಹಾಕಿ, ಮಠದಲ್ಲಿ ಉಳಿದು ಓದುವ ಹುಡುಗರಿಗೆ ಕೊಡುತ್ತಿದ್ದರು. ಆ ಅಕ್ಕಿ ಯಾರ ಮನೆಯ ಮಗುವಿನ ತಟ್ಟೆಗೆ ಹೋಗುತ್ತದೆ ಎಂದು ಯಾವ ಅಜ್ಜಿಯೂ ಕೇಳಲಿಲ್ಲ.

ನಿಮ್ಮ ಶಾಲೆಗೆ ಅನುಕೂಲವಿದ್ದರೆ, ಊರಿನ ಆಚೆ ಬದಿಯ ಶಾಲೆಯ ಹೆಸರು ತಿಳಿದುಕೊಂಡು ಅದನ್ನು ಆರಿಸು. ಈ ಮಾತನ್ನು ಪಿಟಿಎ ಸಭೆಯಲ್ಲಿ ಎದ್ದು ನಿಂತು ಹೇಳು. ಅಲ್ಲಿ ಇನ್ನಿಬ್ಬರು ಕನ್ನಡದ ತಾಯಂದಿರಿದ್ದರೆ ಅವರನ್ನೂ ಜೊತೆಗೆ ಕರೆದುಕೋ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ