ಕೂಸು ಬಾಯಿ ತೆರೆಯದಿದ್ದಾಗ

ರಾಯಬಾಗ ತಾಲೂಕಿನಲ್ಲಿ ಕೃಷ್ಣಾ ತೀರದ ಊರೊಂದರ ಅಂಗನವಾಡಿ ಕಾರ್ಯಕರ್ತೆ ನಾನು. ತಾಯಿ ಕಾರ್ಡು ಹಿಡಿದು ಬರುವ ಹೆಣ್ಣುಮಕ್ಕಳು ಲಸಿಕೆಯ ಬಗ್ಗೆ ಒಂದು ಮಾತು ಕೇಳಿದರೆ ಊಟದ ಬಗ್ಗೆ ಹತ್ತು ಮಾತು ಕೇಳುತ್ತಾರೆ. "ಅಕ್ಕಾರ, ಏನ್ ಕೊಟ್ರೂ ಉಗುಳತೈತ್ರೀ." "ಚಮಚಾ ಕಂಡ್ರ ಸಾಕು, ಮಾರಿ ತಿರಗಸ್ತೈತ್ರೀ." ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆ ಮೇಲೂಟ, ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ. ತರಬೇತಿಯಲ್ಲಿ ಇಷ್ಟನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಕೂಸು ಬಾಯಿಯನ್ನೇ ತೆರೆಯದಿದ್ದರೆ ಏನು ಮಾಡಬೇಕು ಅನ್ನುವುದನ್ನು ಕಲಿಸಿದವರು ಆ ತಾಯಂದಿರು, ಅವರ ಅತ್ತೆಯಂದಿರು ಮತ್ತು ನನ್ನ ಸ್ವಂತ ಮಗಳು. ಕೂಸು ಬೇಡ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಾರಣ ಹುಡುಕುವುದು ಬಿಟ್ಟು ಬಾಯಿ ತೆರೆಸಲು ಹೋಗಿ ಕೆಲಸ ಕೆಡಿಸಿದವರಲ್ಲಿ ನಾನೂ ಒಬ್ಬಳು.

1. ಬೇಳೆ ಕಟ್ಟಿನಿಂದ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ

"ಮೊದಲ ತೆಳ್ಳಗ ಕೊಡ್ರಿ, ಪಚನ ಆಗ್ಲಿ" ಎಂದು ಎಷ್ಟೋ ಮನೆಗಳಲ್ಲಿ ನಾನೇ ಹೇಳಿದ್ದೇನೆ. ತೊಗರಿಬೇಳೆಯ ಮೇಲಿನ ತಿಳಿ, ಅನ್ನದ ಗಂಜಿಯ ತಿಳಿ. ಬಟ್ಟಲು ಖಾಲಿಯಾಗುತ್ತಿತ್ತು, ತಾಯಿಗೂ ಸಮಾಧಾನ, ನನಗೂ ಸಮಾಧಾನ. ತಿಂಗಳಿಗೊಮ್ಮೆ ತೂಕ ಮಾಡಿದಾಗ ಕಾರ್ಡಿನ ಮೇಲೆ ಏರಬೇಕಾದ ಗೆರೆ ಅಡ್ಡಡ್ಡ ಹೋಗಿರುತ್ತಿತ್ತು. ಆರು ತಿಂಗಳ ಕೂಸಿನ ಹೊಟ್ಟೆ ಸಣ್ಣದು. ಅದರಲ್ಲಿ ನೀರು ತುಂಬಿಸಿದರೆ ಎದೆಹಾಲಿಗೂ ಜಾಗ ಉಳಿಯುವುದಿಲ್ಲ.

ಈಗ ಚಮಚ ಓರೆ ಮಾಡಿ ತೋರಿಸುತ್ತೇನೆ. ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಮೊದಮೊದಲು ಒಂದು ಹೊತ್ತಿಗೆ ಎರಡು ಮೂರು ಚಮಚ ಸಾಕು. ಎಂಟು ತಿಂಗಳ ಹೊತ್ತಿಗೆ 250 ಮಿಲಿ ಹಿಡಿಯುವ ಬಟ್ಟಲಿನ ಅರ್ಧದವರೆಗೆ, ದಿನಕ್ಕೆ 2–3 ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲು ಬಟ್ಟಲಿನಿಂದ ಪೂರ್ತಿ ಬಟ್ಟಲು, 3–4 ಸಲ. ಹೆಸರುಬೇಳೆ ಕಿಚಡಿಯನ್ನು ಚೆನ್ನಾಗಿ ಮಸೆದು, ಮೇಲೊಂದು ಸಣ್ಣ ಚಮಚ ತುಪ್ಪ ಹಾಕಿದರೆ ಕೂಸಿಗೂ ರುಚಿ, ಶಕ್ತಿಯೂ ಹೆಚ್ಚು. ತತ್ತಿ ತಿನ್ನುವ ಮನೆಯಲ್ಲಿ ಪೂರ್ತಿ ಬೆಂದ ತತ್ತಿಯನ್ನು ಹಿಸುಕಿ ಶುರುವಿನಿಂದಲೇ ಕೊಡಬಹುದು.

2. ಗಟ್ಟಿ ಗಂಜಿಯನ್ನು ಮೊಳಕೆ ಹಿಟ್ಟು ಸಡಿಲ ಮಾಡುತ್ತದೆ

ಗಟ್ಟಿ ಕೊಡಿ ಅಂದರೆ ಇನ್ನೊಂದು ತೊಂದರೆ. ನಾಚಣಿ (ರಾಗಿ) ಗಂಜಿ ಆರುತ್ತಿದ್ದಂತೆ ಅಂಟಿನ ಹಾಗೆ ಆಗುತ್ತದೆ, ಕೂಸಿಗೆ ನುಂಗಲು ಬರುವುದಿಲ್ಲ. ತಾಯಿ ಮತ್ತೆ ನೀರು ಬೆರೆಸುತ್ತಾಳೆ, ಮತ್ತೆ ಮೊದಲಿನ ಕಥೆಯೇ. ಇದಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1982ರಷ್ಟು ಹಿಂದೆಯೇ ದಾರಿ ತೋರಿಸಿದ್ದರು. ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಅವರು ಮಾಡಿದ ಮಕ್ಕಳ ಆಹಾರ ಬಿಸಿ ನೀರಿನಲ್ಲಿ ಕುದಿಸಿದರೂ ಗಟ್ಟಿಯಾಗಿ ಅಂಟುತ್ತಿರಲಿಲ್ಲ. ಕಾಳು ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದೇ ಇದಕ್ಕೆ ಕಾರಣ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಕೂಸು ಸಲೀಸಾಗಿ ನುಂಗುತ್ತದೆ.

ನಾಚಣಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಬೇಕು. ಮೊಳಕೆ ಬಂದ ಮೇಲೆ ಬಿಸಿಲಿಗೆ ಹರವಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಕೇರಿ ತೆಗೆಯಬೇಕು. ಮೊದಲ ಸಲ ಮಾಡಿದಾಗ ನಾನು ಘಮ ಬರುವವರೆಗೆ ಹುರಿದು ಬೀಸಿದೆ. ಗಂಜಿ ಸ್ವಲ್ಪವೂ ಸಡಿಲವಾಗಲಿಲ್ಲ. ಜೋರು ಉರಿಗೆ ಆ ಕಿಣ್ವ ಸತ್ತುಹೋಗುತ್ತದೆ ಎಂದು ಗೊತ್ತಾದದ್ದು ಆಮೇಲೆ. ತವೆ ಬೆಚ್ಚಗಾದರೆ ಸಾಕು. ಬೇರೆ ಹಿಟ್ಟಿನ ಗಟ್ಟಿ ಗಂಜಿ ಮಾಡಿ ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿ. ನೋಡನೋಡುತ್ತಿದ್ದಂತೆ ಸೌಟಿಗೆ ಅಂಟಿದ್ದ ಗಂಜಿ ಧಾರೆಯಾಗಿ ಇಳಿಯತೊಡಗುತ್ತದೆ. ಆಮೇಲೆ ಇನ್ನೊಂದು ಕುದಿ ಬರಿಸಿಯೇ ಕೂಸಿಗೆ ಕೊಡಬೇಕು. ಅಂಗನವಾಡಿಯಲ್ಲಿ ಇದನ್ನು ಮಾಡಿ ತೋರಿಸಿದ ದಿನ ಆಯಿಯೊಬ್ಬರು ಸೌಟು ಕಸಿದುಕೊಂಡು ತಾವೇ ತಿರುವಿ ನೋಡಿದರು. ನಾನು ಬಾಯಿಂದ ಹೇಳಿ ಒಪ್ಪಿಸಲಾಗದ್ದನ್ನು ಆ ಸೌಟು ಒಪ್ಪಿಸಿತು.

3. ಉಗುಳಿತು ಅಂದರೆ ಸೇರಲಿಲ್ಲ ಎಂದಲ್ಲ

ಚಿಕ್ಕ ಕೂಸಿನ ನಾಲಿಗೆ ಬಾಯಿಗೆ ಬಂದದ್ದನ್ನು ತಾನಾಗಿಯೇ ಹೊರಗೆ ತಳ್ಳುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಈ ಗುಣ ಹೋಗುತ್ತದೆ. ಕತ್ತು ನಿಂತು, ಆಸರೆ ಕೊಟ್ಟರೆ ಕೂರುವಂತಾಗಿ, ಕಂಡದ್ದನ್ನೆಲ್ಲ ಬಾಯಿಗೆ ಒಯ್ಯತೊಡಗಿದರೆ ಊಟಕ್ಕೆ ಸಿದ್ಧ ಎಂದು ತಿಳಿಯಬೇಕು. ಮನೆಯಲ್ಲಿ ಉಷ್ಟಾವಣದ (ಅನ್ನಪ್ರಾಶನದ) ಮುಹೂರ್ತ ಐದನೇ ತಿಂಗಳಿಗೇ ಬಂದರೆ ಶಾಸ್ತ್ರಕ್ಕೆ ತುಟಿಗೆ ಮುಟ್ಟಿಸಿ ಬಿಡಿ, ಊಟ ಆರು ತುಂಬಿದ ಮೇಲೆ ಶುರು ಮಾಡಿ ಅನ್ನುತ್ತೇನೆ. ಇದಕ್ಕೆ ಹಿರಿಯರು ಯಾರೂ ಬೇಜಾರಾಗಿಲ್ಲ.

ಇನ್ನು ರುಚಿ. ನನ್ನ ಮಗಳು ಕುಂಬಳಕಾಯಿ ಬಾಯಿಗಿಟ್ಟಾಗ ಮುಖ ಹಿಂಡಿದಳು. ಅವಳಿಗೆ ಅದು ಸೇರುವುದಿಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟೆ. ಆದರೆ ಹೊಸ ರುಚಿ ಒಪ್ಪಿಕೊಳ್ಳಲು ಮಕ್ಕಳಿಗೆ ಎಂಟು ಹತ್ತು ಸಲವಾದರೂ ಅದರ ಪರಿಚಯ ಆಗಬೇಕು. ಬೇಡ ಅಂದ ದಿನ ಒತ್ತಾಯ ಬೇಡ, ನಾಲ್ಕು ದಿನ ಬಿಟ್ಟು ಅರ್ಧ ಚಮಚ ಮತ್ತೆ ಇಟ್ಟು ನೋಡಿ.

4. ಕಾಲ ಮೇಲೆ ಮಲಗಿಸಿ ಹಾಕಬೇಡಿ

ಇದನ್ನು ಬರೆಯಲೆಂದೇ ಈ ಬರಹ ಶುರು ಮಾಡಿದೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಹಿಡಿದು, ಕೆಲವರು ಮೂಗನ್ನೂ ಹಿಡಿದು, ಅಳುವ ಬಾಯಿಗೆ ಗಂಜಿ ಹುಯ್ಯುವುದು ನಮ್ಮಲ್ಲಿ ಇನ್ನೂ ಇದೆ. ಅಳುವಾಗ ಉಸಿರು ಒಳಗೆಳೆದರೆ ಗಂಜಿ ಶ್ವಾಸಕೋಶಕ್ಕೆ ಹೋಗಬಹುದು. ಅದರಿಂದ ನ್ಯುಮೋನಿಯಾ ಆಗಬಹುದು, ಜೀವಕ್ಕೇ ಅಪಾಯ ಬರಬಹುದು. ಉಳಿದ ಹಾನಿ ನಿಧಾನದ್ದು. ಆ ಕೂಸು ಚಮಚಕ್ಕೇ ಹೆದರತೊಡಗುತ್ತದೆ.

ಕಬ್ಬಿನ ಹಂಗಾಮಿನಲ್ಲಿ ನಸುಕಿಗೇ ಕಡಿಯಲು ಹೋಗುವ ತಾಯಿಯೊಬ್ಬಳು ಹೀಗೇ ಮಾಡುತ್ತಿದ್ದಳು. ಬೈಯುವುದು ಸುಲಭ, ನಾನೂ ಬೈದೆ. "ಗಾಡಿ ಹೋಗತೈತ್ರಿ ಅಕ್ಕಾರ, ಹಸಗೊಂಡ ಬಿಟ್ಟ ಹೆಂಗ ಹೋಗ್ಲಿ?" ಅಂದಳು. ಅವಳಿಗಿದ್ದದ್ದು ಹೊತ್ತಿನ ಅಭಾವ, ಪ್ರೀತಿಯ ಅಭಾವ ಅಲ್ಲ. ನಸುಕಿಗೆ ಎದೆಹಾಲು ಮಾತ್ರ ಕೊಡುವುದು, ಮೇಲೂಟ ಹೊತ್ತೇರಿದ ಮೇಲೆ ಅಜ್ಜಿಯ ಕೈಯಲ್ಲಿ ಎಂದು ಮಾತಾಯಿತು. ಕೆಲವು ದಿನ ಚಮಚ ತೋರಿಸಲೇ ಇಲ್ಲ. ಅಜ್ಜಿ ತನ್ನ ತಾಟು ಮುಂದಿಟ್ಟುಕೊಂಡು, ಕೂಸನ್ನು ಎದುರಿಗೆ ಕೂರಿಸಿ, ಖಾರ ಹಾಕದ ಬೇಳೆಯಲ್ಲಿ ಮೆತ್ತಗೆ ನೆನೆಸಿದ ಬಿಸಿ ರೊಟ್ಟಿಯ ತಿರುಳನ್ನು ತಾನು ತಿನ್ನುತ್ತ ಕೂತಳು. ಕೂಸು ತಾನಾಗಿಯೇ ತಾಟಿಗೆ ಕೈ ಹಾಕಿತು. ಬೆರಳಿಗೆ ಹತ್ತಿದ್ದನ್ನು ಚೀಪಿತು. ನೆಲ, ಅಂಗಿ, ತಲೆಯೆಲ್ಲ ಬೇಳೆ. ಒರೆಸಲು ಎದ್ದ ನನ್ನನ್ನು ಅಜ್ಜಿ ಕೈಸನ್ನೆ ಮಾಡಿ ಕೂರಿಸಿದಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಆಗಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಏನು ತಿನ್ನಿಸಬೇಕು ಎನ್ನುವುದರ ಜೊತೆಗೆ ಮಗುವಿನ ಸನ್ನೆ ನೋಡಿ ತಿನ್ನಿಸುವುದನ್ನು, ಆಡಿಸುವುದನ್ನು ತಾಯಂದಿರಿಗೆ ಕಲಿಸಿದ ಊರುಗಳಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಯೂ ಚೆನ್ನಾಗಿತ್ತು. ಬಾಗಿ ಬಾಯಿ ತೆರೆದರೆ ಬೇಕು, ಮುಖ ತಿರುಗಿಸಿದರೆ ಸಾಕು. ಆ ಸಾಕು ಅನ್ನುವುದನ್ನು ನಾವು ಒಪ್ಪಿಕೊಂಡರೆ ಮುಂದಿನ ಹೊತ್ತಿಗೆ ಅದು ಹೆದರದೆ ಬಾಯಿ ತೆರೆಯುತ್ತದೆ.

5. ಓಕರಿಕೆ ಬೇರೆ, ಗಂಟಲಲ್ಲಿ ಸಿಕ್ಕುವುದು ಬೇರೆ

ಸಣ್ಣ ಗಂಟು ಸಿಕ್ಕರೂ ಕೂಸು ಓಕರಿಸಿ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಅದು ಕಲಿಯುತ್ತಿದೆ, ಕೆಮ್ಮಲು ಬಿಡಬೇಕು. ಓಕರಿಕೆಗೆ ಹೆದರಿ ವರ್ಷದವರೆಗೂ ಮಿಕ್ಸರಿಗೆ ಹಾಕಿ ನುಣ್ಣಗೆ ಕೊಟ್ಟವರ ಮಕ್ಕಳು ಆಮೇಲೆ ಅಗಿಯುವುದನ್ನೇ ಒಲ್ಲೆ ಅನ್ನುತ್ತವೆ. ಒಂಬತ್ತು ತಿಂಗಳ ಒಳಗೆ ಮೆತ್ತಗಿನ ಗಂಟು ಗಂಟಾದ ಊಟ ಬಾಯಿಗೆ ಪರಿಚಯ ಆಗಿರಬೇಕು.

ಸದ್ದೇ ಇಲ್ಲದೆ, ಅಳಲೂ ಆಗದೆ, ತುಟಿ ನೀಲಿಯಾದರೆ ಅದು ಸಿಕ್ಕಿಕೊಂಡದ್ದು. ಕೂಸನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗಾಗಿ ಮಲಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ ಐದು ಏಟು. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಮುಂದುವರಿಸುತ್ತ ಇನ್ನೊಬ್ಬರಿಂದ 108ಕ್ಕೆ ಫೋನು ಮಾಡಿಸಬೇಕು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಶೇಂಗಾ, ಪುಟಾಣಿ ನೆಲದ ಮೇಲೆ ಬಿದ್ದಿರುತ್ತವೆ. ಅಥಣಿ ಕಡೆ ದ್ರಾಕ್ಷಿ ಹಂಗಾಮು ಬಂದರೆ ಅದೂ ಸೇರುತ್ತದೆ. ಶೇಂಗಾ ನುಣ್ಣಗೆ ಬೀಸಿ ಗಂಜಿಗೆ ಹಾಕಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ, ಇಡಿಯಾಗಿ ಬೇಡ.

6. ತಂಬಾಕಿನ ಕೈ

ನನ್ನ ತವರು ನಿಪ್ಪಾಣಿ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಮಡಿಲಲ್ಲಿ ಮೊರ, ಪಕ್ಕದಲ್ಲಿ ಕೂಸು ಇಟ್ಟುಕೊಂಡೇ ಕೂರುತ್ತಾರೆ. ಒಂದು ಮನೆಯ ಕೂಸು ಅಜ್ಜಿಯ ಕೈಯಲ್ಲಿ ಉಣ್ಣುತ್ತಿತ್ತು, ತಾಯಿ ತಿನ್ನಿಸಿದರೆ ಕಿರುಚುತ್ತಿತ್ತು. "ನನ್ನ ಕಂಡ್ರನ ಆಗೂದಿಲ್ಲ ಇದಕ್ಕ" ಎಂದು ಆ ಹುಡುಗಿ ಅತ್ತಳು. ಅವಳ ಬೆರಳ ತುದಿ ನೋಡಿದೆ. ಉಗುರಿನ ಸಂದಿಯಲ್ಲಿ ಕಂದು ಪುಡಿ. ಸೆರಗಿಗೆ ಒರೆಸಿ ಅದೇ ಬೆರಳಲ್ಲಿ ಅನ್ನ ಮಸೆದು ಕೊಡುತ್ತಿದ್ದಳು. ಕಹಿ ಒಂದು ಕಡೆ, ತಂಬಾಕಿನ ನಿಕೋಟಿನ್ ಕೂಸಿಗೆ ವಿಷ ಎನ್ನುವುದು ಇನ್ನೊಂದು ಕಡೆ. ಕೈ ತೊಳೆಯಿರಿ ಎಂದು ಗೋಡೆಗೆ ಚಿತ್ರ ಅಂಟಿಸಿ ಬಂದರೆ ಆಗುವ ಕೆಲಸ ಇದಲ್ಲ. ದಿನಕ್ಕಿಷ್ಟು ಬೀಡಿ ಎಂದು ಕೂಲಿ ಇರುವಾಗ ನಡುವೆ ಎದ್ದರೆ ದುಡ್ಡು ಹೋಗುತ್ತದೆ. ಮೊರ ಮುಟ್ಟುವ ಮೊದಲು ಒಂದು ಹೊತ್ತಿನ ಊಟ, ಸೋಪು ನೀರು ಕೂತಲ್ಲಿ ಕೈಗೆಟುಕುವಂತೆ, ತಿನ್ನಿಸಲು ಚಮಚ, ಕೆಲಸ ಮುಗಿದ ಕೂಡಲೇ ಮೊರ ಎತ್ತರದ ಗೂಟಕ್ಕೆ. ಇಷ್ಟು ಅವಳಿಂದ ಆಯಿತು.

7. ಚಹಾ ಬಿಸ್ಕೀಟು, ಬೆಲ್ಲ, ಜೇನು

ಮುಂಜಾನೆ ಚಹಾದಲ್ಲಿ ಅದ್ದಿದ ಬಿಸ್ಕೀಟು ತಿಂದ ಕೂಸು ಹತ್ತು ಗಂಟೆಗೆ ಕಿಚಡಿ ಒಲ್ಲೆ ಅಂದರೆ ತಪ್ಪು ಕಿಚಡಿಯದ್ದಲ್ಲ. ಚಹಾ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ, ರಕ್ತ ಕಡಿಮೆಯಾದರೆ ಹಸಿವೆಯೂ ಕಡಿಮೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ 1 ಮಿಲಿ, ತಪ್ಪಿಸಬೇಡಿ. ಕಬ್ಬಿನ ನಾಡಿನಲ್ಲಿ ಬೆಲ್ಲ ಬೇಡ ಅನ್ನುವುದು ಕಷ್ಟ, ಆದರೂ ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಇಲ್ಲದೆಯೇ ನಡೆಯಲಿ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಮುಟ್ಟಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಜೀವಿಯಿಂದ ಬೊಟುಲಿಸಂ ಎಂಬ ಕಾಯಿಲೆ ಬರುತ್ತದೆ.

8. ಜಡ್ಡಿನಲ್ಲಿ ಊಟ ನಿಲ್ಲಿಸಬೇಡಿ

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಊರು ಬಿಟ್ಟು ಕಾಳಜಿ ಕೇಂದ್ರದಲ್ಲಿ ಇದ್ದೆವು. ಆಗಷ್ಟೇ ಮೇಲೂಟ ಶುರು ಮಾಡಿದ್ದ ಕೂಸುಗಳಿಗೆ ಭೇದಿ ಹಿಡಿಯಿತು. "ಹೊಟ್ಟಿ ಖಾಲಿ ಇರ್ಲಿ, ತಾನ ನಿಲ್ಲತೈತಿ" ಎಂದು ಹಿರಿಯರು ಊಟ ಬಿಡಿಸಿದರು. ಆ ಗದ್ದಲದಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಭೇದಿ ನಿಂತಿತು, ಆದರೆ ಇಳಿದ ತೂಕ ಮರಳಲು ಬಹಳ ದಿನ ಹಿಡಿಯಿತು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೂರ್ತಿ ಪೊಟ್ಟಣ ಓಆರ್‌ಎಸ್, 14 ದಿನ ಸತುವಿನ ಗುಳಿಗೆ, ಎದೆಹಾಲು ಮೊದಲಿಗಿಂತ ಹೆಚ್ಚು ಸಲ, ಊಟ ಸ್ವಲ್ಪ ಸ್ವಲ್ಪವಾಗಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ಪೊಟ್ಟಣಗಳು ನನ್ನ ಚೀಲದಲ್ಲೇ ಇದ್ದವು.

9. ಹಟ ಅಂದುಕೊಂಡದ್ದು ಜಡ್ಡು ಇರಬಹುದು

ಒಬ್ಬ ತಾಯಿ ಹಾಲು ಮೂಗಿನಿಂದ ಬರುತ್ತದೆ ಎಂದು ಹೇಳುತ್ತಲೇ ಇದ್ದಳು. ಸಣ್ಣ ಕೂಸಿಗೆ ಇದೆಲ್ಲ ಆಗುವುದೇ ಎಂದು ನಾನು ಧೈರ್ಯ ಹೇಳಿ ಕಳಿಸುತ್ತಿದ್ದೆ. ಗಂಜಿಯೂ ಮೂಗಿನಿಂದ ಬಂತು. ಮಿರಜಕ್ಕೆ ಒಯ್ದರು, ಅಂಗುಳದ ಹಿಂಭಾಗದಲ್ಲಿ ಸೀಳು ಇತ್ತು. ಶಸ್ತ್ರಚಿಕಿತ್ಸೆ ಆಯಿತು, ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಆದರೆ ಆ ತಾಯಿಯ ಮಾತನ್ನು ನಾನು ಮೊದಲ ಸಲವೇ ಕೇಳಿ, ಟಾರ್ಚು ಹಿಡಿದು ಬಾಯಿ ನೋಡಬೇಕಿತ್ತು.

ಪ್ರತಿ ತುತ್ತಿಗೂ ಕೆಮ್ಮುವುದು, ಉಂಡ ಮೇಲೆ ಗೊರಗೊರ ಉಸಿರು, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು, ಆರು ತಿಂಗಳಾದರೂ ಕತ್ತು ನಿಲ್ಲದಿರುವುದು, ತೂಕ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಮಕ್ಕಳ ಡಾಕ್ಟರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗಲೂ ಇದನ್ನೆಲ್ಲ ಹೇಳಬಹುದು. ತೋಳಿನ ಸುತ್ತಳತೆಯ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಮಾತ್ರ ಕಾಯುವುದೇ ಬೇಡ, ನೇರವಾಗಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಹೋಗುವಾಗ ತಾಯಿ ಕಾರ್ಡು ಒಯ್ಯಿರಿ. ಹಿಂದಿನ ದಿನ ಕೂಸು ಉಣ್ಣುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಹೊಸ ಜಾಗದಲ್ಲಿ ಅದು ಉಣ್ಣುವುದಿಲ್ಲ, ಡಾಕ್ಟರಿಗೆ ಬೇಕಾದದ್ದು ಮನೆಯಲ್ಲಿ ಅದು ನುಂಗುವ ರೀತಿ.